ಬ್ರೇಕಿನ ಕಾಲು

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಟ್ಯಾಂಗೋ ನೃತ್ಯದ ತರಗತಿಗೆ ಸೇರಿ ಇನ್ನೂ ತಿಂಗಳು ತುಂಬಿರಲಿಲ್ಲ, ಆಗಲೇ ಊರಲ್ಲಿ ಯಾರಿಗೂ ನೆಟ್ಟಗೆ ನಡೆಯಲು ಬರುವುದಿಲ್ಲ ಎಂಬ ತೀರ್ಮಾನಕ್ಕೆ ಬಂದಿದ್ದರು. ತರಕಾರಿ ಚೀಲ ಹೊತ್ತು ಏದುಸಿರು ಬಿಡುತ್ತಿದ್ದ ಪಕ್ಕದ ಮನೆಯವರನ್ನು ತಡೆದು, "ಮೊದಲು ಎದೆ ಮುಂದೆ ಹೋಗ್ಬೇಕು, ಕಾಲು ಆಮೇಲೆ ಬರ್ಬೇಕು. ಸಂಗೀತ ಮೈಯೊಳಗೆ ಇಳೀಬೇಕು ರೀ" ಎಂದು ಉಪದೇಶ ಮಾಡಿದರು. ಮನೆಯಲ್ಲಂತೂ ಕಾಫಿ ಲೋಟ ಹಿಡಿದು, ಹಾಲಿಗೆ ಹೊಂಚು ಹಾಕಿದ ಬೆಕ್ಕಿನಂತೆ ನೆಲ ಸವರುವ ಹಾಗೆ ಹೆಜ್ಜೆ ಇಡುತ್ತ ಬರುತ್ತಿದ್ದರು. ಅವರು ಹಜಾರ ತಲುಪುವಷ್ಟರಲ್ಲಿ ಕಾಫಿ ಆರಿ ತಣ್ಣಗಾಗಿರುತ್ತಿತ್ತು.

ಜೋಡಿಯಾಗಿ ಕುಣಿಯುವ ದಿನ ಬಂತು. ಈ ನೃತ್ಯದಲ್ಲಿ ಗಂಡಸು ಮುಂದಕ್ಕೆ ನಡೆದಂತೆ ಹೆಂಗಸು ಹಿಂದಕ್ಕೆ ನಡೆಯಬೇಕು. ಮೇಷ್ಟ್ರು ಅಂದು ಜೋಡಿಯಾಗಲೆಂದು ಕರೆತಂದಿದ್ದ ಹೆಂಡತಿಯ ಕೈಹಿಡಿದು ಗತ್ತಿನಿಂದಲೇ ಹೊರಟರು. ಇನ್ನೊಂದು ಜೋಡಿ ಅಡ್ಡ ಬಂದದ್ದೇ ತಡ, ವರ್ಷಗಟ್ಟಲೆ ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು ಪಳಗಿದ ಅವರ ಬಲಗಾಲು ಎದೆಯನ್ನೂ ಕೇಳಲಿಲ್ಲ, ಸಂಗೀತವನ್ನೂ ಕೇಳಲಿಲ್ಲ. ಧಡ್ ಎಂದು ಬ್ರೇಕ್ ಒತ್ತಿತು. ಬ್ರೇಕ್ ಇರಬೇಕಾದ ಜಾಗದಲ್ಲಿ ಹೆಂಡತಿಯ ಹೆಬ್ಬೆರಳಿತ್ತು.

"ಅಯ್ಯಯ್ಯೋ!" ಎಂದು ಆಕೆ ಚೀರಿದರು.

"ನೋಡು, ಸರಿಯಾದ ಟೈಮಿಗೆ ಒತ್ತಿದೆ. ಇಲ್ದಿದ್ರೆ ಗುದ್ದೇಬಿಡ್ತಿದ್ವಿ!" ಎಂದು ಮೇಷ್ಟ್ರು ಬೀಗಿದರು.

ಆಕೆ ಕುಂಟುತ್ತ ಗಂಡನನ್ನು ಗೋಡೆ ಪಕ್ಕದ ಕುರ್ಚಿಗೆ ಕರೆದೊಯ್ದು ಕೂರಿಸಿದರು. "ಇಲ್ಲಿ ಕೂತ್ಕೊಂಡು ಎಷ್ಟು ಬೇಕೋ ಅಷ್ಟು ಒತ್ಕೊಳ್ಳಿ" ಎಂದವರೇ, ನೃತ್ಯ ಕಲಿಸುವವರ ಜೊತೆ ಕುಣಿಯಲು ಹೊರಟೇಬಿಟ್ಟರು.

ಹೆಂಡತಿ ತಿರುಗಿದಾಗಲೆಲ್ಲ ಮೇಷ್ಟ್ರ ಬಲಗಾಲು ನೆಲಕ್ಕೆ ಧಡ್ ಎನ್ನುತ್ತಿತ್ತು. ತರಗತಿಗೆ ಸೇರಿದ ಮೇಲೆ ಮೊದಲ ಸಲ, ಆ ಕಾಲು ತಾಳಕ್ಕೆ ಸರಿಯಾಗಿ ಬೀಳುತ್ತಿತ್ತು.