ಗೊಣಗಣ್ಣನ ಗಾಡಿ

ಅಗ್ನಿಶಾಮಕ ಠಾಣೆಯ ಹಿರಿಯ ಡ್ರೈವರನ್ನು ಎಲ್ಲರೂ ಕರೆಯುವುದು ಗೊಣಗಣ್ಣ ಎಂದೇ. ಆಘಾತಗೊಂಡವರನ್ನು ಸಂತೈಸಲು ಕಲಿಸುವ ‘ಮನಸ್ಸಿನ ಪ್ರಥಮ ಚಿಕಿತ್ಸೆ’ಯ ತರಬೇತಿಯಲ್ಲಿ ಮುಂದಿನ ಸಾಲಿನಲ್ಲೇ ಗೊರಕೆ ಹೊಡೆದ ಆಸಾಮಿ. ಆದರೆ ತಂಡ ಯಾರನ್ನೋ ಉಳಿಸಲಾಗದೆ ಮರಳಿದ ದಿನ ಒಬ್ಬರನ್ನೂ ಮನೆಗೆ ಬಿಡುವುದಿಲ್ಲ. “ಗಾಡಿ ಕೆಸರಲ್ಲಿ ಹೊರಳಿದ ಎಮ್ಮೆ ಥರ ಇದೆ, ತೊಳೀರಿ. ನಾನೇನು ನಿಮ್ಮಪ್ಪನ ಮನೆ ಆಳಾ?” ಎಂದು ಎಲ್ಲರ ಕೈಗೂ ಬಟ್ಟೆ ಕೊಟ್ಟು, ಫಳಫಳ ಹೊಳೆಯುವ ಚಕ್ರದಲ್ಲೂ ಕೊಳೆ ಹುಡುಕಿ ಪ್ರಾಣ ತಿನ್ನುತ್ತಾನೆ. ಯಾರಾದರೂ ಕಣ್ಣೊರೆಸಿಕೊಂಡರೆ ಪೈಪಿನ ನೀರನ್ನು ಜೋರಾಗಿ ಬಿಡುತ್ತಾನೆ. ಆ ಸದ್ದಿನಲ್ಲಿ ಅತ್ತರೆ ಪಕ್ಕದವರಿಗೂ ಕೇಳಿಸದು. “ನೀರು ಪೋಲು ಮಾಡ್ಬೇಡಿ” ಎಂದು ಠಾಣಾಧಿಕಾರಿ ಮೇಡಂ ಪ್ರತಿಸಲವೂ ಗದರುತ್ತಾರೆ. ಮೊನ್ನೆ ಮಗುವೊಂದನ್ನು ಉಳಿಸಲಾಗದೆ ಬಂದ ಗೊಣಗಣ್ಣ ಗೊಣಗಲೇ ಇಲ್ಲ. ತೊಳೆದ ಗಾಡಿಯನ್ನೇ ಒರೆಸುತ್ತ ನಿಂತ. ಮೇಡಂ ತಾವೇ ಪೈಪು ಎತ್ತಿಕೊಂಡು, “ಅಣ್ಣಾ, ಇಲ್ಲಿನ್ನೂ ಕೊಳೆ ಇದೆ” ಎಂದು ನೀರನ್ನು ಜೋರಾಗಿ ಬಿಟ್ಟರು.