ಮಾವ ಮುಚ್ಚಿಟ್ಟ ಜೋಳ

ನನ್ನ ಯಜಮಾನರು ವಿಜಾಪುರದ ಒಂದು ಸಾಲೆಯಲ್ಲಿ ಇಂಗ್ಲಿಷ್ ಮಾಸ್ತರರು. ರವಿವಾರ ನಮ್ಮೂರು ನಿಡೋಣಿಗೆ ಬಂದರೆ ನನಗೂ ಪಾಠ. ಒಮ್ಮೆ ‘ಪುಟ್ ಬೈ’ ಹೇಳಿಕೊಟ್ಟರು. ರೊಕ್ಕ ಕೂಡಿಡುವುದಕ್ಕೂ ಅದೇ, ಮುಂದಿನ ಕಷ್ಟಕ್ಕೆಂದು ಕಾಳು ತೆಗೆದಿಡುವುದಕ್ಕೂ ಅದೇ ಅಂತೆ. ಅವರ ಉದಾಹರಣೆಗಳಲ್ಲೆಲ್ಲ ಇಟ್ಟವನೇ ಬಂದು ತೆಗೆದುಕೊಳ್ಳುತ್ತಿದ್ದ. ನಮ್ಮ ಜೋಳದ ಗಡಿಗೆ ತಳ ಕಂಡಿತ್ತು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅಂದೆ.

ಯುದ್ಧದ ಕಾಲ. ಲೆವಿ ಅಂತ ಸರಕಾರದವರು ಮನೆ ಹೊಕ್ಕು ಜೋಳ ಅಳೆದು ಒಯ್ಯುತ್ತಿದ್ದರು. ನಾವೆಲ್ಲ ಟಿಕೋಟಾಕ್ಕೆ ಮದುವೆಗೆ ಹೋದಾಗ ಮಾವ ಯಾವುದೋ ಹಳೆಯ ಹಗೇವಿಗೆ, ಅಂದರೆ ನೆಲದೊಳಗಿನ ಕಣಜಕ್ಕೆ, ಜೋಳ ಸುರಿದು ಬಂಡೆ ಎಳೆದು ಮಣ್ಣು ಮುಚ್ಚಿದ್ದರು. ಎಲ್ಲಿ ಅಂತ ಅತ್ತೆಗೂ ಹೇಳಲಿಲ್ಲ. “ಗ್ವಾಡಿಗೂ ಕಿವಿ ಇರ್ತಾವ. ಕೇಳಬ್ಯಾಡ್ರಿ,” ಅಂದಿದ್ದರು. ಮುಂದೆ ಅವರಿಗೆ ಲಕ್ವ ಹೊಡೆದು ಬಲಗಡೆಯ ಮೈಯೂ ಮಾತೂ ಒಟ್ಟಿಗೇ ಹೋದವು. ಹೊಲ, ದನದ ಕೊಟ್ಟಿಗೆ ಎಲ್ಲ ಅಗೆದು ನೋಡಿದೆವು, ಸಿಗಲಿಲ್ಲ.

ಹಗಲು ಅವರನ್ನು ಹಿತ್ತಲ ಬೇವಿನ ನೆರಳಿಗೆ ಹೊರಸಿನ ಮೇಲೆ ಮಲಗಿಸುತ್ತಿದ್ದೆವು. ಒಂದು ಮಧ್ಯಾಹ್ನ ಎಡಗೈಯ ಕೋಲಿನಿಂದ ನೆಲ ಕುಟ್ಟತೊಡಗಿದರು. ಕುಟ್ಟುವುದು, ನಿಲ್ಲಿಸುವುದು, ನಮ್ಮ ಮುಖ ನೋಡುವುದು. ಪ್ರತಿ ಏಟಿಗೂ ನೆಲದೊಳಗಿಂದ ಯಾರೋ ‘ಹೂಂ’ ಅಂದಂತೆ ಕೇಳುತ್ತಿತ್ತು. ದಿನವೂ ಇದೇ. ಹಾಡುಹಗಲಲ್ಲೇ ಹಿತ್ತಲಿಗೆ ಒಬ್ಬಳೇ ಹೋಗಲು ನನಗೆ ಕಾಲು ಏಳುತ್ತಿರಲಿಲ್ಲ.

“ಮಣ್ಣು ಕರ್ಯಾಕತ್ತೈತಿ ಬೇ, ಇವರು ಓ ಅನ್ನಾಕತ್ತಾರ,” ಅಂದರು ಅತ್ತೆ. ಅಂಥ ಕರೆಗೆ ಓಗೊಟ್ಟವರು ಉಳಿಯುವುದಿಲ್ಲ ಅಂತ ನಮ್ಮ ಕಡೆ ನಂಬಿಕೆ. ಅತ್ತೆ ಹೊರಸನ್ನು ಕಿಟಕಿಯಿಲ್ಲದ ಒಳಕೋಣೆಗೆ ಹಾಕಿಸಿದರು, ಹೊಸ್ತಿಲಿಗೆ ಅಡ್ಡ ಕುಡಗೋಲು ಇಟ್ಟರು, ಕೋಲು ಕಸಿದುಕೊಂಡರು. ಎಲ್ಲ ಗಂಡ ಉಳಿಯಲಿ ಅಂತಲೇ. ಕೋಲು ಬಿಡಿಸುವಾಗ ಮಾವ ಹಾಕಿದ ಕೂಗು ಮನುಷ್ಯರದು ಅನ್ನಿಸಲಿಲ್ಲ. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು. ಇದ್ದ ಹಿಡಿ ಹಿಟ್ಟಿಗೆ ನೀರು ಹೆಚ್ಚಿಸಿ ಅಂಬಲಿ ಕಾಸುತ್ತಿದ್ದೆ. ಅವರ ಎಲುಬು ಎಣಿಸುವ ಹಾಗಾಗಿತ್ತು.

ಮುಂದಿನ ರವಿವಾರ ಯಜಮಾನರು ಬೇವಿನ ಕೆಳಗೆ ಕಟ್ಟಿಗೆ ಒಡೆಯಲು ಕೊಡಲಿ ಎತ್ತಿದರು. ಮೊದಲ ಏಟಿಗೇ ನೆಲ ‘ಹೂಂ’ ಅಂದಿತು. ಕೆಳಗೆ ಟೊಳ್ಳಿದೆ ಅಂತ ಅವರು ಕೊಡಲಿ ಬಿಟ್ಟು ಸನಿಕೆ ಹಿಡಿದರು. ಮಣ್ಣು ಸರಿಸಿ ಬಂಡೆ ಎತ್ತಿದಾಗ ಒಳಗಿನ ಬಿಸಿಗಾಳಿ ನಮ್ಮ ಮುಖಕ್ಕೆ ಬಡಿಯಿತು, ಯಾರೋ ಉಸಿರು ಬಿಟ್ಟ ಹಾಗೆ. ಹಗ್ಗಕ್ಕೆ ಕಟ್ಟಿ ಇಳಿಸಿದ ಕಂದೀಲು ಅರ್ಧ ದಾರಿಯಲ್ಲೇ ಆರಿತು. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಅಂತ, ಅಂಥ ಹಗೇವಿಗೆ ಇಳಿದವರು ಮೇಲೆ ಬರುವುದಿಲ್ಲ. ಮರುದಿನದವರೆಗೆ ಬಾಯಿ ತೆರೆದಿಟ್ಟು, ದೀಪ ಆರದೆ ನಿಂತ ಮೇಲೆ ಯಜಮಾನರು ಇಳಿದರು. ಜೋಳ ಚೆನ್ನಾಗಿಯೇ ಇತ್ತು.

ಅತ್ತೆ ಮೊದಲ ಅಂಬಲಿ ತಾವೇ ಕಾಸಿ ಒಳಕೋಣೆಗೆ ಒಯ್ದರು.

“ತಿಳೀಲಿಲ್ರಿ ನನಗ. ಅಂಜಿದ್ನಿ. ಬಾಯಿ ತಗೀರಿ.”

ಮಾವ ಹಲ್ಲು ಕಚ್ಚಿ ಹಿಡಿದರು. ಅದೇ ಬಟ್ಟಲನ್ನು ನಾನು ಹಿಡಿದಾಗ ಬಾಯಿ ತೆರೆದರು. ಮಾವ ಬದುಕಿರುವತನಕ ಅತ್ತೆಯೇ ಅಂಬಲಿ ಕಾಸುತ್ತಿದ್ದರು, ಬಟ್ಟಲನ್ನು ಬಾಗಿಲಲ್ಲಿ ನನ್ನ ಕೈಗೆ ಕೊಟ್ಟು ಹೊರಗೇ ನಿಲ್ಲುತ್ತಿದ್ದರು.