ಬಾಗಿಲು ಮರೆತ ಗೌಂಡಿ ಕಾಗೆ

ಸುಜಾತಾಳಿಗೆ ಕಥೆ ಕಟ್ಟುವುದೇನೂ ಬರುತ್ತಿರಲಿಲ್ಲ. ಪಾಲಬಾವಿಯ ಕೂಲಿಕಾರರ ಮನೆಯ ಮಗಳು. ಕೃಷ್ಣೆಯ ದಂಡೆಯ ಊರೊಂದಕ್ಕೆ ಸೊಸೆಯಾಗಿ ಬಂದು, ಅಲ್ಲಿನ ಅಂಗನವಾಡಿಯಲ್ಲಿ ಸಹಾಯಕಿಯಾದಳು. ಉಪ್ಪಿಟ್ಟು ಮಾಡುವುದು, ಮಕ್ಕಳ ಮೂಗು ಒರೆಸುವುದು, ಮಧ್ಯಾಹ್ನ ತಟ್ಟಿ ಮಲಗಿಸುವುದು ಅವಳ ಕೆಲಸ. ಮಲಗಿಸುವಾಗ ಹೇಳುತ್ತಿದ್ದದ್ದು ಎಲ್ಲರಿಗೂ ಗೊತ್ತಿರುವ ನಾಲ್ಕೈದು ಕಥೆ, ಅದೂ ಒಂದಕ್ಷರ ಆಚೀಚೆ ಮಾಡದೆ. ಗಂಡ ವಿಠೋಬಾ ಎಮ್ಮೆ ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಿದ್ದ. ಅತ್ತೆ ಜನಾಬಾಯಿ ಮಿರಜ ಕಡೆಯವಳು, ಅರ್ಧ ಮರಾಠಿ ಅರ್ಧ ಕನ್ನಡದಲ್ಲೇ ಸಂಸಾರ ದಾಟಿಸಿದ ಗಟ್ಟಿ ಹೆಂಗಸು.

ಆ ಶ್ರಾವಣದಲ್ಲಿ ಮಳೆ ಹಿಡಿದದ್ದು ಮೇಲೆ, ಮಹಾರಾಷ್ಟ್ರದಲ್ಲಿ. ಇಲ್ಲಿ ಹನಿಯೂ ಬಿದ್ದಿರಲಿಲ್ಲ. ಹೊಳೆ ತಾನಾಗಿಯೇ ಊರೊಳಗೆ ನಡೆದು ಬಂತು. ಮುಂಜಾನೆ ಊರಬಾಗಿಲ ಅಗಸೆಯಲ್ಲಿದ್ದ ನೀರು ಮಧ್ಯಾಹ್ನಕ್ಕೆ ಹೊಸ್ತಿಲು ಮುಟ್ಟಿತು. ಹೆಂಗಸರು ಮಕ್ಕಳನ್ನೆಲ್ಲ ಟ್ರ್ಯಾಕ್ಟರ್ ಹತ್ತಿಸಿದರು.

"ನೀ ನಡಿ. ಎಮ್ಮಿ ಬಿಚ್ಚಿ ಬಿಟ್ಟ ಬರ್ತೀನಿ," ಎಂದ ವಿಠೋಬಾ.

ಪಕ್ಕದ ಮನೆಯ ಜಕ್ಕಪ್ಪ ಆಗಲೇ ಟ್ರ್ಯಾಕ್ಟರ್ ಹತ್ತಿ ಕೂತಿದ್ದ, ತೊಡೆಯ ಮೇಲೆ ಮಗಳು ನೀಲಮ. ವಿಠೋಬಾ ಒಬ್ಬನೇ ನೀರಿಗೆ ಇಳಿಯುವುದನ್ನು ಕಂಡು, "ತಡೀಲೇ, ಒಬ್ಬನ ಕೈಲೆ ಆಗೂದಿಲ್ಲ," ಎಂದು ಮಗಳನ್ನು ಹೆಂಡತಿ ಚಂದ್ರಮತಿಯ ಮಡಿಲಿಗೆ ಹಾಕಿ ಅವನೂ ಇಳಿದ. ಟ್ರ್ಯಾಕ್ಟರ್ ಹೊರಟಾಗ ಜಕ್ಕಪ್ಪನ ಮನೆಯ ಮಣ್ಣಿನ ಗೋಡೆ ಎಲ್ಲರ ಕಣ್ಣೆದುರೇ ಕುಸಿದು ಕೂತಿತು. ನೀಲಮ ಅದನ್ನು ನೋಡಿದಳು.

ಅಥಣಿ ಕಡೆಯ ಒಂದು ಶಾಲೆಯಲ್ಲಿ ಗಂಜಿ ಕೇಂದ್ರ. ವಿಠೋಬಾನ ಫೋನು ಹತ್ತಲಿಲ್ಲ, ಜಕ್ಕಪ್ಪನದೂ ಹತ್ತಲಿಲ್ಲ. ಮರುದಿನವೂ ಇಬ್ಬರ ಸುದ್ದಿ ಇಲ್ಲ. ಜನಾಬಾಯಿ ಗೇಟಿಗೆ ಮುಖ ಮಾಡಿ ಕೂತವಳು ಅನ್ನ ಮುಟ್ಟಲಿಲ್ಲ. ಚಂದ್ರಮತಿ ಜ್ವರ ಬಂದು ಮಲಗಿದಳು. ಕೇಂದ್ರದ ಉಸ್ತುವಾರಿ ಮಾಳೇಶ ಮಾಸ್ತರರು ಸುಜಾತಾಳ ಹತ್ತಿರ ಬಂದರು. "ನೀವು ಅಂಗನವಾಡ್ಯಾಗ ಇರಾವ್ರಲ್ರಿ? ಹುಡುಗ್ರು ಅತ್ತ ಅತ್ತ ಸುಸ್ತ ಆಗ್ಯಾವು. ಒಂದ್ ಕಡಿ ಕೂಡ್ಸಿ ಏನರೆ ಹೇಳ್ರಿ."

ಏನು ಹೇಳುವುದು? ಬಾಯಿಗೆ ಬಂದದ್ದು ಕಾಗೆ ಗುಬ್ಬಿಯ ಕಥೆ. "ಕಾಗೀದು ಸಗಣಿ ಮನಿ, ಗುಬ್ಬೀದು ಕಲ್ಲಿನ ಮನಿ. ಒಂದಿನ ಜೋರ್ ಮಳಿ ಬಂತು. ಕಾಗಿ ಮನಿ..." ಎನ್ನುವಷ್ಟರಲ್ಲಿ ನೀಲಮ ಕಿಟಾರನೆ ಕಿರುಚಿದಳು. ಕಿರುಚಿದವಳು ಉಸಿರು ತೆಗೆದುಕೊಳ್ಳಲೇ ಇಲ್ಲ, ಮುಖ ನೀಲಿಗಟ್ಟಿತು. ಸುಜಾತಾ ಅವಳನ್ನು ಎಳೆದು ಎದೆಗವಚಿಕೊಂಡಳು. ಏನು ಹೇಳುತ್ತಿದ್ದೇನೆಂದು ಅವಳಿಗೇ ತಿಳಿಯದೆ ಮಾತು ಹೊರಬಿತ್ತು.

"ಇಲ್ಲವಾ, ಇಲ್ಲ! ಅದು ಬ್ಯಾರೆ ಕಾಗಿ. ಈ ಕಾಗಿ ಗೌಂಡಿ ಇತ್ತು, ಗೌಂಡಿ! ಗುಬ್ಬಿ ಮನಿ ಕಟ್ಟಾಕ ಬಂತು. ಬಂದ ಕೂಡ್ಲೆ ಚಹಾ ಕುಡೀತು. ಎಲಿ ಅಡಕಿ ಹಾಕ್ಕೊಂತು. 'ಉಸುಕ ಚಲೋ ಇಲ್ಲ ಅಕ್ಕಾ, ನಾಳೆ ಬರ್ತೀನಿ' ಅಂತು. ಅಂತೂ ಒಂದಿನ ಗ್ವಾಡಿ ಕಟ್ತು, ಮ್ಯಾಲ ಸ್ಲ್ಯಾಬ್ ಹಾಕ್ತು. ನೋಡಿದ್ರ ಗುಬ್ಬಿನೂ ಒಳಗ, ಕಾಗಿನೂ ಒಳಗ! 'ಕಾಗಣ್ಣಾ ಕಾಗಣ್ಣಾ, ಬಾಗ್ಲಾ ಎಲ್ಲಿ?' 'ಬಾಗ್ಲಾಕ ಬ್ಯಾರೆ ರೇಟ್ ಅಕ್ಕಾ!'"

ಒಂದು ಮಗು ಕಿಸಕ್ಕನೆ ನಕ್ಕಿತು. ನೀಲಮಳ ಉಸಿರು ತಿರುಗಿತು.

ಅಂದಿನಿಂದ ಅದೇ ಕಸುಬಾಯಿತು. ಹಳೆಯ ಕಥೆಗಳನ್ನು ಇದ್ದ ಹಾಗೆ ಹೇಳುವಂತಿರಲಿಲ್ಲ. ಯಾವುದನ್ನು ಎತ್ತಿಕೊಂಡರೂ ಒಳಗೆ ಮಳೆ, ಹೊಳೆ, ಮುಳುಗುವವರು. ಹೆಸರು ಮಾತ್ರ ಮಕ್ಕಳು ಹೇಳುತ್ತಿದ್ದರು, ಉಳಿದದ್ದನ್ನು ಅವಳು ಕಟ್ಟಬೇಕು. "ಮಂಗ್ಯಾ ಮೊಸಳಿ" ಎಂದರೆ ಮೊಸಳೆ ಹಲ್ಲುನೋವೆಂದು ನಿಪ್ಪಾಣಿ ಬಸ್ಸು ಹತ್ತಿತು. ಕಂಡಕ್ಟರ್ ಆಗಿದ್ದ ಮಂಗ ಅದರ ಬಾಲಕ್ಕೂ ಟಿಕೆಟ್ ಕೇಳಿತು. "ಬಾಲಕ್ಕ ಇನ್ನೂ ಐದ ವರ್ಷ ತುಂಬಿಲ್ರಿ" ಎಂದಿತು ಮೊಸಳೆ. ದೊಡ್ಡವರೂ ಬಂದು ಗೋಡೆಗೊರಗಿ ನಿಲ್ಲತೊಡಗಿದರು. ಸುಜಾತಾಳ ಬಾಯಿ ಕಥೆ ಹೇಳುತ್ತಿತ್ತು, ಕಿವಿ ಗೇಟಿನಲ್ಲಿತ್ತು. ಜೀಪಿನ ಸದ್ದಾದರೆ ನಡುವೆಯೇ ಮಾತು ನಿಲ್ಲುತ್ತಿತ್ತು.

ಜನಾಬಾಯಿಗೆ ತಡೆಯಲಾಗಲಿಲ್ಲ. ಎಲ್ಲರೆದುರೇ ಸೊಸೆಯ ರಟ್ಟೆ ಹಿಡಿದಳು. "ಲಾಜ್, ನಾಚ್ಕಿ ಐತೇನಬೇ ನಿನಗ? ನನ್ನ ಮಗಾ ನೀರಾಗ ಅದಾನ. ನೀ ಇಲ್ಲಿ ತಮಾಷಾ ಮಾಡಾಕತ್ತಿ!"

"ಸುಮ್ನಾದ್ನಿ ಅಂದ್ರ ಚೀರ್ತೀನ್ರಿ ಅತ್ತಿ," ಎಂದಳು ಸುಜಾತಾ. "ನಾ ಚೀರಿದ್ರ ಈ ಹುಡುಗ್ರೆಲ್ಲಾ ಚೀರ್ತಾವು."

ಮುದುಕಿ ರಟ್ಟೆ ಬಿಟ್ಟು ಗೇಟಿನ ಕಡೆ ಹೋದಳು.

ಆ ಮಧ್ಯಾಹ್ನವೇ ಮಾಳೇಶ ಮಾಸ್ತರರು ಅವಳನ್ನು ಹೊರಗೆ ಕರೆದರು. "ತಂಗೀ, ಅಥಣಿ ದವಾಖಾನಿಗೆ ಒಬ್ಬರನ್ನ ತಂದಾರ. ನಿಮ್ಮೂರ ಕಡೇನ ಸಿಕ್ಕಾರಂತ. ಗುರುತ ಹಿಡೀಬೇಕಾಗೇತಿ." ಚಂದ್ರಮತಿಗೆ ಏಳುವ ಶಕ್ತಿ ಇರಲಿಲ್ಲ. ಸುಜಾತಾ ಒಬ್ಬಳೇ ಜೀಪು ಹತ್ತಿದಳು. ದಾರಿಯುದ್ದಕ್ಕೂ ಒಂದೇ ಬೇಡಿಕೆ: ಅವರಾಗಿರಬಾರದು ಯಲ್ಲಮ್ಮಾ, ಅವರಾಗಿರಬಾರದು. ಬೇರೆ ಯಾರಾದರೂ ಆಗಲಿ.

ಬಟ್ಟೆ ಸರಿಸಿದಾಗ ಕಂಡದ್ದು ಜಕ್ಕಪ್ಪನ ಮುಖ.

ಮೊದಲು ಬಂದದ್ದು ಸಂತೋಷ. ಒಂದೇ ಗಳಿಗೆ, ಆದರೆ ಬಂದಿತ್ತು. ಅದು ಇಳಿದ ಮೇಲೆ ಅವಳು ಸರಿಸಿದ್ದ ಬಟ್ಟೆಯನ್ನು ತಾನೇ ಎಳೆದು ಹೊದಿಸಿದಳು. ತನ್ನ ಬೇಡಿಕೆ ಈಡೇರಿತ್ತು.

ಮರಳಿ ಬಂದಾಗ ಮಕ್ಕಳು ಓಡಿ ಬಂದು ಸುತ್ತುವರಿದರು. ಎಲ್ಲರಿಗಿಂತ ಮುಂದೆ ನೀಲಮ. "ಅಕ್ಕೋರ, ಇವತ್ತ ಬಾಯಾರಿದ ಕಾಗೀದು ಹೇಳ್ರಿ!" ಸುಜಾತಾ ಬಾಯಿ ತೆರೆದಳು. ಏನೂ ಬರಲಿಲ್ಲ.

ಗೇಟಿನ ಬಳಿಯಿಂದ ಜನಾಬಾಯಿ ಸೊಸೆಯ ಮುಖ ನೋಡಿದಳು. ಕೇಳಬೇಕಾದ್ದನ್ನು ಕಣ್ಣಲ್ಲೇ ಕೇಳಿದಳು. ಸುಜಾತಾ ಅಲ್ಲವೆಂದು ತಲೆಯಾಡಿಸಿ ಚಂದ್ರಮತಿ ಮಲಗಿದ್ದ ಕೋಣೆಯತ್ತ ನೋಡಿದಳು. ಮುದುಕಿ ಎದ್ದು ಬಂದು ನೀಲಮಳ ಕೈ ಹಿಡಿದು ನೆಲಕ್ಕೆ ಕೂತಳು.

"ಇಕಡೆ ಯೇ ಪೋರಿ, ಇಲ್ಲಿ ಬಾ. ನಾ ಹೇಳ್ತೀನಿ. ಕಾಗಿ ಕೊಡದಾಗ ಕಲ್ಲ ಹಾಕ್ತು. ಮತ್ತ ಹಾಕ್ತು. ಆದ್ರ ಕೊಡದಾಗ ನೀರ ಇರಲಿಲ್ಲ. ಒಂದ್ ಮುದುಕಿ ನಿದ್ದಿ ಮಾಡಾಕತ್ತಿದ್ಲು! ಎದ್ದ ಕೇಳಿದ್ಲು, 'ಯಾವಾಂವಲೇ ಅಂವಾ, ನನ್ನ ಇದ್ದೊಂದ ಹಲ್ಲ ಬೀಳ್ಸಿದಾಂವ?'"

ಅವಳಿಗೆ ಕಥೆ ಹೇಳಲು ಬರುತ್ತಿರಲಿಲ್ಲ. ನಡುನಡುವೆ ದಾರಿ ತಪ್ಪುತ್ತಿತ್ತು. ಆದರೂ ಮಕ್ಕಳು ನಕ್ಕರು. ಆ ನಗು ಕೇಳುತ್ತಿರುವಾಗಲೇ ಸುಜಾತಾ ಒಳಗೆ ಹೋಗಿ ಚಂದ್ರಮತಿಯ ಹಾಸಿಗೆಯ ಪಕ್ಕ ಕೂತಳು. ಅವಳು ಬಾಯಿಬಿಡುವ ಮೊದಲೇ ಚಂದ್ರಮತಿಗೆ ತಿಳಿಯಿತು.

ಎರಡು ದಿನ ಬಿಟ್ಟು ವಿಠೋಬಾ ಬಂದ, ಒಂದು ಮಾಳಿಗೆಯ ಮೇಲಿಂದ ದೋಣಿಯವರು ಇಳಿಸಿ ತಂದಿದ್ದರು. ಕಟ್ಟಕಡೆಯ ಎಮ್ಮೆಯ ಸರಪಳಿ ಬಿಚ್ಚುವಾಗ ಸೆಳವು ಜಕ್ಕಪ್ಪನನ್ನು ಎಳೆದೊಯ್ದಿತ್ತೆಂದ. ಚಂದ್ರಮತಿಯ ಎದುರು ಸುಜಾತಾ ಗಂಡನನ್ನು ಮುಟ್ಟಲೂ ಇಲ್ಲ.

ನೀರು ಇಳಿದ ಮೇಲೆ ಚಂದ್ರಮತಿ ಮಗಳನ್ನು ಕಟ್ಟಿಕೊಂಡು ತವರಿಗೆ, ಕೊಕಟನೂರಿಗೆ ಹೋದಳು. ವಿಠೋಬಾ ಮತ್ತೆ ಎಮ್ಮೆ ಕಟ್ಟಲಿಲ್ಲ; ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಾನೆ. ಕೇಳಿದ್ದಕ್ಕಷ್ಟೇ ಮಾತು.

ಎಷ್ಟೋ ವರ್ಷಗಳ ಮೇಲೆ, ಕಳೆದ ವರ್ಷ ಅಥಣಿ ಬಸ್ ಸ್ಟ್ಯಾಂಡಿನಲ್ಲಿ ಶಾಲಾ ಸಮವಸ್ತ್ರದ ಹುಡುಗಿಯೊಬ್ಬಳು ಎದುರು ಬಂದು ನಿಂತಳು. ಎರಡು ಜಡೆ, ತಂದೆಯದೇ ಹಣೆ. ಸುಜಾತಾಳಿಗೆ ಓಡಿಹೋಗಬೇಕೆನಿಸಿತು.

"ಅಕ್ಕೋರ," ಎಂದಳು ನೀಲಮ, "ವಿಠೋಬಾ ಕಾಕಾ ಆರಾಮ ಅದಾರಿಲ್ರಿ?"

"ಅದಾರವಾ," ಎಂದಳು ಸುಜಾತಾ.

ಹುಡುಗಿ ತಲೆಯಾಡಿಸಿ ಗೆಳತಿಯರ ಕಡೆ ಹೋದಳು. ಸುಜಾತಾ ಹತ್ತಬೇಕಿದ್ದ ರಾಯಬಾಗ ಬಸ್ಸು ಬಂತು, ಜನ ಹತ್ತಿದರು, ಬಸ್ಸು ಹೋಯಿತು. ಅವಳು ನಿಂತಲ್ಲೇ ನಿಂತಿದ್ದಳು.